ಮೂರನೇ ವಿಜಲ್

ಮನುಷ್ಯನ ನಿಜವಾದ ಬುದ್ಧಿ ಗೊತ್ತಾಗುವುದು ಅವನು ಉಳಿದುಕೊಳ್ಳಲು ಜಾಗ ಹುಡುಕುವಾಗ. ಕೆಲವರು ಕಿಟಕಿಯಾಚೆ ಏನು ಕಾಣುತ್ತೆ ಅಂತ ನೋಡ್ತಾರೆ, ಕೆಲವರು ಹಾಸಿಗೆ ನೋಡ್ತಾರೆ. ನಾನು ಒಲೆ ನೋಡ್ತೀನಿ. ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿಗೆ ಹೋಗೋದು ಅಂತ ಐರ್ಲೆಂಡಿನ ನೇಸ್ ಊರಿನ ನಮ್ಮ ಮನೆಯಲ್ಲಿ ತೀರ್ಮಾನವಾದಾಗ ಹೆಂಡತಿ ಸುಮಾ ಕಾಡಿನ ಹೊರಗಿನ ಲಾಡ್ಜೊಂದನ್ನು ತೋರಿಸಿದಳು. ಈಜುಕೊಳ, ಊಟ, ಬೆಳಗಾಗುವ ಮೊದಲೇ ಜೀಪಿನಲ್ಲಿ ಕರೆದೊಯ್ದು ಸಿಂಹ ತೋರಿಸುವ ಗೈಡು, ಎಲ್ಲ ಇತ್ತು. ಮೂರು ದಿನ ಬ್ರೆಡ್ಡು ತಿಂದು ಸಿಂಹ ನೋಡುವ ಕರ್ಮ ನನಗೇಕೆ? ಕಾಡಿನೊಳಗೇ, ಬೇಲಿ ಹಾಕಿದ ಕ್ಯಾಂಪಿನಲ್ಲಿ, ಅಡುಗೆಮನೆ ಇರುವ ಗುಡಿಸಲು ಬುಕ್ ಮಾಡಿ, ಸೂಟ್‌ಕೇಸಿನಲ್ಲಿ ಕುಕ್ಕರ್ ಇಟ್ಟೆ.

ಮಗಳು ಅನನ್ಯಳಿಗೆ ಒಂಬತ್ತು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತೆ, ಉತ್ತರ ಮಾತ್ರ ಐರಿಷ್ ರಾಗದ ಇಂಗ್ಲಿಷಿನಲ್ಲಿ. ತಾನೇ ತೆಗೆದ ಸಿಂಹದ ಫೋಟೋ ತರ್ತೀನಿ ಅಂತ ಕ್ಲಾಸಿಗೆಲ್ಲ ಮಾತು ಕೊಟ್ಟು ಬಂದಿದ್ದಳು. ಎರಡು ದಿನ ಕಾರಿನಲ್ಲಿ ಸುತ್ತಿದೆವು. ಜಿಂಕೆ, ಜಿರಾಫೆ, ಆನೆ, ಮತ್ತೆ ಜಿಂಕೆ. ಬೇರೆಯವರಲ್ಲಿ ಬಹಳ ಜನ ಮುಂಜಾನೆ ಕ್ಯಾಂಪಿನ ಗೇಟು ತೆಗೆಯುತ್ತಲೇ ಹೊರಡುತ್ತಿದ್ದರು. ನಾವು ಬಿಸಿಬೇಳೆಬಾತ್ ಮುಗಿಸಿಕೊಂಡು ಹೊರಡುತ್ತಿದ್ದೆವು. ಮಗುವಿನ ಮುಖ ಸಣ್ಣದಾಗಿದ್ದು ನನಗೂ ಕಂಡಿತ್ತು. ಆದರೂ ಮೂರನೇ ದಿನ ಬೆಳಗ್ಗೆ ಕುಕ್ಕರಿನಲ್ಲಿ ಬೇಳೆ ಇಟ್ಟೆ. ಆಫ್ರಿಕಾದಲ್ಲೂ ಸಾರು ಅಂತ ಫ್ಯಾಮಿಲಿ ಗ್ರೂಪಿಗೆ ಅದರ ಫೋಟೋನೂ ಹಾಕಿದೆ.

ಎರಡು ವಿಜಲ್ ಆಗಿತ್ತು. ಅನನ್ಯ ಸದ್ದಿಲ್ಲದೆ ಬಂದು ನನ್ನ ಅಂಗಿ ಹಿಡಿದು, ಎಷ್ಟೋ ದಿನದ ಮೇಲೆ ಕನ್ನಡದಲ್ಲಿ ಪಿಸುಗುಟ್ಟಿದಳು: "ಅಪ್ಪಾ, ಬೇಲಿ ಹತ್ರ ಸಿಂಹ. ಫೋನ್ ಕೊಡು."

"ಇರಮ್ಮ, ಇನ್ನೊಂದು ವಿಜಲ್ ಆಗ್ಲಿ," ಅಂದೆ.

ಯೋಚಿಸಿ ಆಡಿದ ಮಾತಲ್ಲ. ನಮ್ಮ ಮನೆತನದಲ್ಲಿ ಮೂರನೇ ವಿಜಲ್ ಆಗದೆ ಯಾರೂ ಒಲೆ ಬಿಟ್ಟು ಕದಲಿದ್ದಿಲ್ಲ. ಫೋನು ಜೇಬಲ್ಲೇ ಇತ್ತು, ತೆಗೆದು ಕೊಟ್ಟಿದ್ದರೆ ಸಾಕಿತ್ತು. ಅದೂ ಹೊಳೆಯಲಿಲ್ಲ ನೋಡಿ.

ವಿಜಲ್ ಆಯಿತು. ಉಸಿರು ಬಿಗಿಹಿಡಿದು ನಿಂತಿದ್ದ ಇಡೀ ಕ್ಯಾಂಪು ಬೆಚ್ಚಿಬಿತ್ತಂತೆ. ಸಿಂಹ ನಮ್ಮ ಗುಡಿಸಲಿನ ಕಡೆ ಒಮ್ಮೆ ನೋಡಿ, ಪೊದೆಯೊಳಗೆ ನುಗ್ಗಿತಂತೆ. ಅಂತೆ ಅಂದಿದ್ದು ಯಾಕೆಂದರೆ, ಒಲೆ ಆರಿಸಿ ಹೊರಗೆ ಬರುವಷ್ಟರಲ್ಲಿ ನನಗೆ ಕಂಡಿದ್ದು ಖಾಲಿ ಬೇಲಿ, ಮತ್ತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ ಇಪ್ಪತ್ತು ಜನ. ಅನನ್ಯ ಅತ್ತಳು. ಸುಮಾ ಅವಳ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಬೇಳೆ ಮಾತ್ರ ಬೆಣ್ಣೆ ಹಾಗೆ ಬೆಂದಿತ್ತು.

ವಾಪಸ್ ಬಂದ ಮೇಲೆ ಅನನ್ಯ ನನ್ನ ಫೋನಿನಿಂದ ಒಂದು ಫೋಟೋ ಪ್ರಿಂಟ್ ಹಾಕಿಸಿಕೊಂಡು ಸ್ಕೂಲಿಗೆ ಹೋದಳು. ಆ ಬೆಳಗಿನದು ಅಂತ ಇದ್ದದ್ದು ಒಂದೇ, ಕುಕ್ಕರಿನದು. ಸಿಂಹ ಹೆದರಿ ಓಡಿದ್ದು ಇದಕ್ಕೇ ಅಂತ ವಿವರಿಸಿದಳಂತೆ. ಟೀಚರು ಗ್ರ್ಯಾಂಡ್ ಅಂದರಂತೆ. ಈಗ ಸ್ಕೂಲಿನ ಗೇಟಿನ ಹತ್ತಿರ ನನ್ನನ್ನು ಕಂಡರೆ ಸಾಕು, ಮಕ್ಕಳೆಲ್ಲ ಸೇರಿ ವಿಜಲ್ ಹಾಕುತ್ತಾರೆ. ನಾನು ಮೂರನೆಯದು ಆಗುವವರೆಗೂ ನಿಂತೇ ಇರುತ್ತೇನೆ.