ಮಗನ ಹೆಸರಿನ ಗಿಟಾರು

ಅಂಗಡಿಯವರ ಮುಂದೆ ನಿಂತು ‘ಇದು ನನಗೇ ಬೇಕು’ ಎಂದು ಹೇಳುವ ಧೈರ್ಯ ಈ ನಲವತ್ತೊಂಬತ್ತು ವರ್ಷಗಳಲ್ಲಿ ನನಗೆ ಬಂದಿಲ್ಲ. ಕಾಲು ಕಿಲೋ ಜಿಲೇಬಿ ಕಟ್ಟಿಸುವಾಗಲೂ, ಯಾರೂ ಕೇಳದಿದ್ದರೂ, ‘ಮನಿಗೆ ಮಂದಿ ಬಂದಾರ್ರಿ’ ಎನ್ನುತ್ತೇನೆ. ಕುಷ್ಟಗಿಯ ನನ್ನ ಎರಡು ಕೋಣೆಯ ಬಾಡಿಗೆ ಮನೆಗೆ ಗ್ಯಾಸ್ ಸಿಲಿಂಡರಿನವನನ್ನು ಬಿಟ್ಟರೆ ಯಾರೂ ಬರುವುದಿಲ್ಲ. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳುವವರೂ ಈಗ ಕೇಳುವುದನ್ನು ಬಿಟ್ಟಿದ್ದಾರೆ. ಗ್ರಂಥಾಲಯದಲ್ಲಿ ಕೆಲಸ. ‘ಪೇಪರ್ ಬಂತೇನ್ರಿ?’ ಎಂಬುದೇ ಎಷ್ಟೋ ದಿನ ನನ್ನ ಕಿವಿಗೆ ಬೀಳುವ ಒಂದೇ ಮಾತು.

ಇಂಥವಳಿಗೆ ಹೆವಿ ರಾಕ್ ಹುಚ್ಚು ಹಿಡಿದದ್ದು ಬೆಳ್ಳುಳ್ಳಿಯ ದೆಸೆಯಿಂದ. ಒಂದು ಭಾನುವಾರ ಫೋನಿನಲ್ಲಿ ಭಾವಗೀತೆ ಹಚ್ಚಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆ. ಹಾಡು ಮುಗಿದದ್ದೇ ತಡ, ಫೋನು ತಾನೇ ಇನ್ನೊಂದನ್ನು ಹಚ್ಚಿತು. ಗುಡ್ಡಕ್ಕೆ ಮದ್ದು ಇಟ್ಟಂಥ ಸದ್ದು! ನಿಲ್ಲಿಸೋಣವೆಂದರೆ ಕೈಯೆಲ್ಲ ಅಂಟು. ಸುಲಿದು ಮುಗಿಸುವ ಹೊತ್ತಿಗೆ ನಿಲ್ಲಿಸುವ ಮನಸ್ಸೇ ಇರಲಿಲ್ಲ. ನನ್ನ ಮನೆಯೊಳಗೆ ಅಷ್ಟು ಮಂದಿ ಒಟ್ಟಿಗೆ ಕೂಗಾಡಿದ್ದು ಅದೇ ಮೊದಲು.

ಆ ಸದ್ದನ್ನು ನಾನೇ ಎಬ್ಬಿಸಬೇಕೆಂಬ ಆಸೆ ಹುಟ್ಟಿ, ಮುಂದೆ ಮೂರು ತಿಂಗಳು ಫೋನಿನಲ್ಲಿ ಗಿಟಾರಿನ ಅಧ್ಯಯನ ನಡೆಯಿತು. ಭಾರೀ ಸದ್ದು ಬೇಕೆಂದರೆ ತಂತಿಯ ಕೆಳಗೆ ನಾದ ಹಿಡಿಯುವ ಪಿಕಪ್ಪಿನಲ್ಲಿ ಎರಡು ಸುರುಳಿ ಇರಬೇಕು. ಒಂದೇ ಇದ್ದರೆ ಜೋರು ಮಾಡಿದಾಗ ಗುಂಯ್ ಎನ್ನುತ್ತದೆ. ಅಗ್ಗದ ಗಿಟಾರಿನಲ್ಲಿ ಅಲ್ಲಾಡುವ ಭಾಗಗಳು ಕಡಿಮೆ ಇದ್ದಷ್ಟೂ ಒಳ್ಳೆಯದು. ಇಷ್ಟು ಜ್ಞಾನ ಹೊತ್ತು ಕೊಪ್ಪಳದ ಬಸ್ಸು ಹತ್ತಿದೆ.

ಅಲ್ಲಿ ಹಾರ್ಮೋನಿಯಂ, ತಬಲಾ ಮಾರುವ ಖಾದರ್‌ಸಾಬರ ಅಂಗಡಿ ಇದೆ. ಮುದುಕರು ಕನ್ನಡಕ ಏರಿಸಿ, ‘ಗಿಟಾರ್ ಯಾರಿಗ್ರಿ ಅಕ್ಕಾರ?’ ಎಂದರು.

‘ಮಗಗ್ರಿ’ ಎಂದುಬಿಟ್ಟೆ.

‘ಏನ್ ಓದ್ತಾನ್ರಿ?’

‘ಪಿಯುಸಿ. ಸೈನ್ಸು.’ ಸೈನ್ಸು ಯಾಕೆ ಬೇಕಿತ್ತೋ ದೇವರೇ ಬಲ್ಲ.

‘ಬೆರಳು ಉದ್ದ ಅದಾವೇನ್ರಿ ಹುಡುಗಂದು?’

ಎಡಗೈ ಚಾಚಿದೆ. ‘ಇಷ್ಟಾ ಅದಾವ್ರಿ. ಥೇಟ್ ನನ್ನಂಗ ಅದಾನ.’

ಸಾಬರು ಬಹಳ ಹೊತ್ತು ನನ್ನ ಕೈ ನೋಡಿದರು. ನನ್ನ ಕಣ್ಣು ಮಾತ್ರ ಗೋಡೆಯ ಮೇಲಿದ್ದ, ಎತ್ತಿನ ಕೊಂಬಿನಂತೆ ಚೂಪಾದ ಕೆಂಪು ಗಿಟಾರಿನ ಮೇಲಿತ್ತು. ‘ಅದು ನೋಡಾಕ ಛಲೋ ಐತ್ರಿ. ಕುಂತು ಬಾರಿಸಿದ್ರ ತೊಡಿ ಮ್ಯಾಲಿಂದ ಜಾರತೈತಿ. ಈ ಕರೇದು ನೋಡ್ರಿ, ಆರ್ಕೆಸ್ಟ್ರಾದವರು ಬಿಟ್ಟು ಹೋಗ್ಯಾರ. ಎರಡು ಸುರುಳೀದು. ಶ್ರುತಿ ಹಿಡದು ನಿಂದರತೈತಿ, ಅರ್ಧ ರೇಟಿಗೆ ಬರತೈತಿ’ ಎಂದರು. ಮಗನ ಹಿತ ನೋಡಬೇಕಲ್ಲ, ಕರಿಯದನ್ನೇ ಕೊಂಡೆ. ಜೊತೆಗೆ ಗಿಟಾರಿನ ಸದ್ದು ಹಿಗ್ಗಿಸುವ, ಇಯರ್‌ಫೋನು ಸಿಕ್ಕಿಸಲು ಬರುವ ಪುಟ್ಟ ಆಂಪೊಂದು. ವಾಪಸು ಬರುವಾಗ ಕಂಡಕ್ಟರ್, ‘ನಿಮಗ ಫ್ರೀ ಐತ್ರಿ, ಇದಕ್ಕ ಲಗೇಜ್ ಹಾಕಬೇಕಾಗತೈತಿ’ ಎಂದ. ಕೊಟ್ಟೆ. ಪಕ್ಕದ ಸೀಟಿನಲ್ಲಿ ನನ್ನವರೆಂದು ಯಾರೋ ಕೂತಂತಾಗಿತ್ತು.

ದಿನಾ ಸಂಜೆ ಫೋನು ನೋಡಿ ಕಲಿಯುತ್ತ, ಕಿವಿಗೆ ಇಯರ್‌ಫೋನು ಹಾಕಿಕೊಂಡು ಬಾರಿಸುತ್ತಿದ್ದೆ. ನನ್ನ ತಲೆಯೊಳಗೆ ಭೂಕಂಪ. ಹೊರಗೆ ಬರೀ ಟಿಕ್ ಟಿಕ್. ಮನೆ ಮಾಲೀಕರ ಹೆಂಡತಿ ಒಮ್ಮೆ ಗೋಡೆಯಾಚೆಯಿಂದ, ‘ದಿನಾ ಏನ್ ಹೆಚ್ಚತೀರ್ರಿ ಟೀಚರ?’ ಎಂದು ಕೇಳಿದರು. ನಾನು ಟೀಚರಲ್ಲ. ‘ಬದನಿಕಾಯಿ’ ಎಂದೆ. ಸಂಭಾಷಣೆ ಅಲ್ಲಿಗೇ ಮುಗಿದದ್ದಕ್ಕೆ ಬೇಸರವಾಯಿತು.

ಎರಡು ತಿಂಗಳಿಗೆ ತಂತಿ ಹರಿಯಿತು. ಮತ್ತೆ ಕೊಪ್ಪಳ. ಸಾಬರು ಹೊಸ ತಂತಿ ಹಾಕಿ, ದೊಡ್ಡ ಆಂಪಿಗೆ ಜೋಡಿಸಿ, ‘ಒಂದೀಟು ಬಾರಿಸಿ ನೋಡ್ರಿ’ ಎಂದರು.

‘ನನಗೆಲ್ಲಿ ಬರತೈತ್ರಿ.’

‘ಸುಮ್ನ ಹಂಗ ತಂತಿ ಮುಟ್ರಿ.’

ಒಂದೇ ಸಲ ಮುಟ್ಟಬೇಕೆಂದಿದ್ದೆ. ಆದರೆ ನಾನು ಬಾರಿಸಿದ್ದು ಹೊರಗೆ, ಗಾಳಿಯಲ್ಲಿ ಕೇಳಿಸಿದ್ದು ಅದೇ ಮೊದಲು. ಕೈ ನಿಲ್ಲಲಿಲ್ಲ. ಕಪಾಟಿನ ತಾಳಗಳೆಲ್ಲ ಝಣಗುಟ್ಟಿದವು. ಭಜನೆಯ ಹಾರ್ಮೋನಿಯಂ ರಿಪೇರಿಗೆ ತಂದಿದ್ದ ಗೌಡರೊಬ್ಬರು ಅದನ್ನು ಅಪ್ಪಿಕೊಂಡು ಹೊರಗೆ ಹೋಗಿ ನಿಂತರು. ಎಚ್ಚರವಾದಾಗ ಇಡೀ ಹಾಡು ಮುಗಿದಿತ್ತು. ತಲೆ ಎತ್ತಲು ನಾಚಿಕೆ.

ಸಾಬರು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆಯುತ್ತ ಮೆಲ್ಲಗೆ ಹೇಳಿದರು: ‘ಮಗಗ ಹೇಳ್ರಿ, ಎಡಗೈ ಹೆಬ್ಬೆರಳು ಭಾಳ ಮ್ಯಾಲ ಹಿಡೀತಾನ. ಒಂಚೂರು ಇಳಸಲಿ. ಉಳಿದದ್ದೆಲ್ಲ ಛಲೋ ಬಾರಸ್ತಾನ.’

‘ಹೇಳ್ತೀನ್ರಿ’ ಎಂದೆ.

ಕುಷ್ಟಗಿ ಬಸ್ಸಿನಲ್ಲಿ ಚೀಲದ ಮೇಲಿಂದಲೇ ಗಿಟಾರಿನ ಕತ್ತು ಹಿಡಿದು, ಹೆಬ್ಬೆರಳು ಇಳಿಸಿ ನೋಡಿದೆ. ಹುಡುಗ ಒಂದೇ ಮಾತಿಗೆ ಕೇಳಿದ.