ಕಿಟಕಿ ಸೀಟಿನ ಲಿಂಕ್ಡ್ ಲಿಸ್ಟ್

ಹರಿಣಾಕ್ಷಿ: ಸೀಟು ಕೊಡಿ ಅಂತ ಕಿಟಕಿ ಹತ್ರ ಕೂತವರನ್ನೇ ನೇರ ಕೇಳಿದರೆ ಏನಾಗ್ತದೆ ಮಾರಾಯ್ತಿ? ಅವರಿಗೂ ಬಾಯಿ ಉಂಟು, ನನಗೂ ಉಂಟು!

ನಿಕಿತಾ: ಹಾಗೆ ನಡುವೆ ನುಗ್ಗೋದಿಲ್ಲ ದೊಡ್ಡಮ್ಮ. ಇದು ಲಿಂಕ್ಡ್ ಲಿಸ್ಟ್.

ಪನ್ವೇಲ್‌ಗೆ ಹೋಗುವ ಲೋಕಲ್ ರೈಲಿನ ಹೆಂಗಸರ ಡಬ್ಬ. ಮೊಣಕಾಲು ಊದಿದ್ದ ಹರಿಣಾಕ್ಷಿಗೆ ಮನೆ ಮುಟ್ಟುವವರೆಗೆ ಒಂದು ಸೀಟು ಬೇಕಿತ್ತು. ತಂಗಿಯ ಮಗಳು ನಿಕಿತಾಗೆ ಮರುದಿನ ಪ್ರೋಗ್ರಾಮಿಂಗ್ ಪರೀಕ್ಷೆ. ಕಂಡದ್ದೆಲ್ಲ ಅವಳಿಗೆ ಪಾಠವೇ.

ನಿಕಿತಾ: ಕಿಟಕಿ ಹತ್ರದ ಅಮ್ಮನಿಗೆ ಗೊತ್ತಿರೋದು, ತಾನು ಎದ್ದ ಮೇಲೆ ಸೀಟು ಬಾಗಿಲ ಹತ್ರ ನಿಂತಿರೋ ಮುಕ್ತಾ ಆಂಟಿಗೆ ಅಂತ ಮಾತ್ರ. ಆಂಟಿ ನಂತರ ನೀವು. ನಿಮ್ಮ ನಂತರ ನಾನು.

ಹರಿಣಾಕ್ಷಿ: ಚೀಟಿಯಲ್ಲಿ ನಂಬರ್ ಬರೆದರೆ ಆಗುದಿಲ್ವಾ?

ನಿಕಿತಾ: ಅದು ‘ಅರೇ’ ಅನ್ನೋ ನಂಬರ್ ಪಟ್ಟಿ! ನಡುವೆ ಒಬ್ಬರು ಬಂದ್ರೆ ಹಿಂದಿನ ಎಲ್ಲರ ನಂಬರ್ ಬದಲಿಸಬೇಕು. ಇದರಲ್ಲಿ ಇಬ್ಬರ ಕಿವೀಲಿ ಹೇಳಿದ್ರೆ ಸಾಕು.

ಸೀವುಡ್ಸ್ ಬಂತು. ಇಳಿಯುವ ಜನ ಬಾಗಿಲ ಬಳಿಯಿದ್ದ ಮುಕ್ತಾಳನ್ನೂ ಹೊರಗೆ ದೂಡಿಕೊಂಡು ಹೋದರು.

ಹರಿಣಾಕ್ಷಿ: ಅಯ್ಯೋ! ಇನ್ನು ನಮ್ಮ ಗತಿ?

ನಿಕಿತಾ: ಲಿಂಕ್ ಕಡೀತು, ಮುಂದೆ ನಮ್ಮ ಹೆಸರು ಹೇಳೋರಿಲ್ಲ. ನಾವೀಗ ಗಾರ್ಬೇಜ್.

ಹರಿಣಾಕ್ಷಿ: ನಾನು ಕಸವಾ? ದಿನಾ ನಿನಗೆ ಮೀನು ಪದಾರ್ಥ ಮಾಡಿ ಹಾಕ್ತೇನಲ್ಲ, ನಂಗೆ ಬುದ್ಧಿ ಇಲ್ಲ!

ಕಿಟಕಿಯ ಬಳಿಯ ದಾನಮ್ಮ ಕಲಬುರಗಿ ಕಡೆಯವಳು. ಅಷ್ಟು ಹೊತ್ತೂ ಕೇಳಿ ನಗುತ್ತಿದ್ದಳು.

ನಿಕಿತಾ: ಅಮ್ಮಾ, ಈಗ ನಿಮ್ಮ ನಂತರ ನಮ್ಮ ದೊಡ್ಡಮ್ಮ. ಓಕೆನಾ?

ದಾನಮ್ಮ: ಆಗ್ಲಿ ಬಿಡವ್ವಾ. ನಾ ಎದ್ದ ಮ್ಯಾಲ ಅವರೇ ಕುಂದರ್ಲಿ.

ಬೇಲಾಪುರ ಹೋಯಿತು, ಖಾರ್ಘರ್ ಹೋಯಿತು. ಖಾಂದೇಶ್ವರ ದಾಟಿದರೂ ದಾನಮ್ಮ ಅಲುಗಲಿಲ್ಲ.

ಹರಿಣಾಕ್ಷಿ: ಅಲ್ಲ, ನೀವು ಇಳಿಯುದು ಎಲ್ಲಿ?

ದಾನಮ್ಮ: ಕುರ್ಲಾದಾಗರಿ.

ನಿಕಿತಾ: ಅರೆ, ಕುರ್ಲಾ ಹಿಂದೆ ಉಳೀತಲ್ಲ!

ದಾನಮ್ಮ: ಗೊತ್ತದ. ವಾಶಿನಾಗ ಕುರ್ಲಾ ಗಾಡಿ ಹತ್ತಿದ್ರ ಸೀಟು ಎಲ್ಲಿ ಸಿಗತದ? ಅದಕ್ಕ ಉಲ್ಟಾ ಗಾಡಿ ಹಿಡದೀನಿ. ಇದೇ ಗಾಡಿ ಪನ್ವೇಲಿಂದ ತಿರುಗಿ ಕುರ್ಲಾಕ್ಕ ಹೋಗ್ತದಲ್ಲ.

ಹರಿಣಾಕ್ಷಿ: ಮತ್ತೆ ಸೀಟು ಕೊಡ್ತೇನೆ ಅಂದದ್ದು?

ದಾನಮ್ಮ: ಎದ್ದ ಮ್ಯಾಲ ಅಂದೆ. ಎಲ್ಲಿ ಏಳ್ತಿ ಅಂತ ಯಾರರ ಕೇಳಿದ್ರೇನು?

ನಿಕಿತಾ: (ಮೆಲ್ಲಗೆ) ಇದು ಸುತ್ತು ಲಿಸ್ಟು ದೊಡ್ಡಮ್ಮ. ಕೊನೆಯೇ ಇಲ್ಲ.

ಪನ್ವೇಲ್ ಬಂತು. ದಾನಮ್ಮನ ಎದುರಿನ ಕಿಟಕಿ ಸೀಟು ಖಾಲಿಯಾದದ್ದೇ ತಡ, ಹರಿಣಾಕ್ಷಿ ಕುಳಿತು ಕಾಲು ಚಾಚಿದಳು. ಅಷ್ಟರಲ್ಲಿ ಕುರ್ಲಾ ಕಡೆ ಹೋಗುವ ಜನ ನುಗ್ಗಿದರು, ಉಳಿದ ಸೀಟೆಲ್ಲ ತುಂಬಿತು.

ನಿಕಿತಾ: ದೊಡ್ಡಮ್ಮಾ, ಏಳಿ! ನಮ್ಮ ಮನೆ ಇಲ್ಲೇ!

ಹರಿಣಾಕ್ಷಿ: ಇಷ್ಟು ಕಷ್ಟದಲ್ಲಿ ಸಿಕ್ಕಿದ ಸೀಟು ಬಿಡ್ಲಿಕ್ಕುಂಟಾ? ಇದೇ ಗಾಡಿ ತಿರುಗಿ ಪನ್ವೇಲಿಗೆ ಬರ್ತದಲ್ಲ, ಆಗ ಇಳೀತೇನೆ. ನನ್ನ ನಂತರ ನೀನಲ್ವಾ? ನಿಂತಿರು!