ಹನ್ನೊಂದು ‘ಕೂಡದು’

ಓವನ್ನಿನ ಬಾಗಿಲು ತೆರೆದು, ಕೈಗವಸು ತೊಟ್ಟ ಎರಡೂ ಕೈಗಳಿಂದ ಗಾಜಿನ ಪಾತ್ರೆಯನ್ನು ಹೊರಗೆಳೆದು, ಮೊಣಕಾಲಿನಿಂದ ಬಾಗಿಲು ಮುಚ್ಚಿ, ನೆಟ್ಟಗೆ ನಿಂತ ಮೇಲೆಯೇ ಅಲ್ಪವಿರಾಮನಿಗೆ ಹೊಳೆದದ್ದು: ಇದನ್ನು ಈಗ ಇಡುವುದೆಲ್ಲಿ?

ಅಲ್ಪವಿರಾಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಹನ್ನೆರಡು ವರ್ಷ ಅಚ್ಚಿನ ತಪ್ಪು ಹೆಕ್ಕಿ ಹೆಕ್ಕಿ, ಮಾತಾಡುವಾಗಲೂ ನಾಲ್ಕು ಪದಕ್ಕೊಮ್ಮೆ ನಿಂತು ಸುತ್ತ ನೋಡುವುದು ರೂಢಿಯಾಗಿಬಿಟ್ಟಿತ್ತು. ಜೊತೆಗಾರರು ಇಟ್ಟ ಹೆಸರು ಪ್ರೆಸ್ಸಿನಿಂದ ಬೀದಿಗೆ ಬಂದು, ಬೀದಿಯಿಂದ ಮನೆಗೆ ಬಂದು, ಈಗ ಹೆಂಡತಿಯ ಬಾಯಲ್ಲೂ ನೆಲೆಸಿತ್ತು.

ಪಾತ್ರೆ ಅತ್ತೆ ಕೊಟ್ಟದ್ದು. ಅವರು ಕೊಟ್ಟವುಗಳಲ್ಲಿ ನಾಲ್ಕನೆಯದು. ಮೊದಲನೆಯದಾದ ಪಿಂಗಾಣಿ ಜಗ್ಗು ಮದುವೆಯಾದ ವಾರದಲ್ಲೇ ಕಿವಿ ಕಳೆದುಕೊಂಡಿತು. ಗೋಡೆ ಗಡಿಯಾರ ಮೊಳೆಸಮೇತ ಇಳಿದುಬಂತು. ಮೇಜಿನ ದೀಪದ ಮೇಲೆ ಅಳಿಯನೇ ಕೂತ. ಹಾಗಾಗಿ ನಾಲ್ಕನೆಯದನ್ನು ಆರಿಸಲು ಅತ್ತೆ ಅಂಗಡಿಯಲ್ಲಿ ಒಂದು ಗಂಟೆ ನಿಂತಿದ್ದರು. ಬೆಳಕಿಗೆ ಹಿಡಿದು ಗಾಜಿನೊಳಗೆ ಗುಳ್ಳೆಯಿದೆಯೇ ನೋಡಿದರು, ಅಂಚಿನ ಸುತ್ತ ಬೆರಳಾಡಿಸಿ ಗೀರು ಹುಡುಕಿದರು, ತಳ ಎಲ್ಲ ಕಡೆಯೂ ಒಂದೇ ದಪ್ಪವೇ, ಹಿಡಿಕೆಯಲ್ಲಿ ಕೈಗವಸಿನ ಬೆರಳು ಹಿಡಿಸುತ್ತದೆಯೇ ಎಂದು ಪರೀಕ್ಷಿಸಿದರು. ಅಳಿಯನನ್ನು ಆರಿಸುವಾಗ ಇದರ ಕಾಲುಭಾಗವನ್ನೂ ನೋಡಿರಲಿಲ್ಲವಲ್ಲ ಎಂದು ಅವರಿಗೆ ಆಗ ಬಹಳ ಬೇಸರವಾಯಿತಂತೆ.

“ಇದೂ ಹೋಯ್ತು ಅಂದ್ರೆ ಅಳಿಯಂದ್ರೇ, ನಾನು ನಿಮ್ಮನೆ ಮೆಟ್ಟಿಲು ಹತ್ತೋದಿಲ್ಲ” ಎಂದಿದ್ದರು ಕೊಡುವಾಗ. ಅವನು ಒಳಗೊಳಗೇ ಹಿಗ್ಗುವಷ್ಟರಲ್ಲಿ ಹೆಂಡತಿ ಸೇರಿಸಿದ್ದಳು: “ಅಮ್ಮ ಹತ್ತದ ಮೆಟ್ಟಿಲನ್ನ ನಾನು ಇಳಿದು ಹೋಗ್ತೀನಿ.”

ಎರಡು ವರ್ಷ ಬೀರುವಿನಲ್ಲಿ ತಪಸ್ಸಿಗೆ ಕೂತಿದ್ದ ಪಾತ್ರೆ ಇಂದು ಹೊರಬಂದಿತ್ತು. ಒಂದು ಗಂಟೆಗೆ ಅತ್ತೆ ಊಟಕ್ಕೆ ಬರುವವರು. ಹೆಂಡತಿ ಆಲೂಗಡ್ಡೆ, ಚೀಸು ಹರಡಿ ಓವನ್ನಿಗಿಟ್ಟು, ತಾಯಿಯನ್ನು ಕರೆತರಲು ಸ್ಟೇಷನ್ನಿಗೆ ಹೊರಟಿದ್ದಳು. “ಹನ್ನೆರಡೂವರೆಗೆ ಹೊರಗೆ ತೆಗೀರಿ. ತೆಗೆಯೋದು, ಅಷ್ಟೇ. ಬೇರೇನೂ ಮಾಡೋಕೆ ಹೋಗ್ಬೇಡಿ.”

ಅವನು ತೆಗೆದ. ಬೇರೇನೂ ಮಾಡಲಿಲ್ಲ. ಅಡುಗೆಕಟ್ಟೆಯ ಮೇಲೆ ಇಡಲು ಬಾಗಿದವನ ಕಣ್ಣು ಫ್ರಿಜ್ಜಿಗೆ ಅಂಟಿಸಿದ್ದ ಕಾರ್ಡಿನ ಮೇಲೆ ಬಿತ್ತು. ಪಾತ್ರೆಯ ಡಬ್ಬದಲ್ಲೇ ಬಂದಿದ್ದ ಸೂಚನೆಗಳು. ಹನ್ನೊಂದು ಸಾಲು. ತಣ್ಣನೆಯ ಕಲ್ಲಿನ ಮೇಲೆ ಇಡಕೂಡದು. ಲೋಹದ ಮೇಲೆ ಇಡಕೂಡದು. ಉರಿಯ ಮೇಲೆ ಇಡಕೂಡದು. ಒದ್ದೆ ಬಟ್ಟೆಯ ಮೇಲೆ ಇಡಕೂಡದು. ಬಿಸಿಯಿದ್ದಾಗ ನೀರು ಸೋಕಿಸಕೂಡದು. ಬೀಸುವ ಗಾಳಿಗೆ ಒಡ್ಡಕೂಡದು. ಹೀಗೆ ಕೊನೆಯವರೆಗೆ, ಪದ್ಯ ಓದಿದ ಹಾಗೆ. ಇಡೀ ಕಾರ್ಡಿನಲ್ಲಿ ಒಂದೇ ಒಂದು ಅಚ್ಚಿನ ತಪ್ಪಿರಲಿಲ್ಲ. ಅಂಥ ಕಾರ್ಡಿನ ಮಾತನ್ನು ಮೀರುವುದು ಹೇಗೆ?

ಕಟ್ಟೆ ಕಲ್ಲಿನದು. ಸಿಂಕು ಒದ್ದೆ, ಮೇಲಾಗಿ ಲೋಹ. ಊಟದ ಮೇಜಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು, ಅದರ ಕೆಳಗೆ ಹೋದ ವಾರದ ಪಾಲಿಶು. ಗವಸಿನೊಳಗಿಂದ ಬಿಸಿ ಮೆಲ್ಲಗೆ ಬೆರಳು ಮುಟ್ಟತೊಡಗಿತು.

“ಯಾರಾದ್ರೂ, ಸ್ವಲ್ಪ, ಬನ್ನಿ!” ಎಂದು ಅಲ್ಪವಿರಾಮ ಕೂಗಿದ.

ಎದುರು ಮನೆಯ ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿಬಂದಳು. “ಏನಾಯ್ತಣ್ಣಾ? ಕೈ ಸುಟ್ಕೊಂಡ್ರಾ?”

“ಇನ್ನೂ ಇಲ್ಲ. ಇದನ್ನ ಎಲ್ಲಿಡ್ಲಿ?”

“ಎಲ್ಲಿಡ್ಲಿ ಅಂದ್ರೆ? ಕೆಳಗಿಡಿ!”

“ಕೂಡದು” ಎಂದು ಗಲ್ಲದಿಂದ ಕಾರ್ಡು ತೋರಿಸಿದ.

ಅವಳು ಓದಿದಳು. ಓದುತ್ತಾ ಹೋದಂತೆ ಅವಳ ಮುಖವೂ ಬಿಗಿಯಿತು. “ಹಾಗಾದ್ರೆ ನಮ್ಮನೆ ಬಟ್ಟೆ ಗಂಟಿನ ಮೇಲೆ ಇಡಿ. ಈಗಷ್ಟೇ ನೀರು ಚಿಮುಕಿಸಿ ಇಸ್ತ್ರಿ ಮಾಡ್ತಿದ್ದೆ.”

“ನೀರು ಚಿಮುಕಿಸಿ?”

“ಅಯ್ಯೋ, ಹೌದಲ್ಲ. ಮತ್ತೆ ಒಣಗಿದ ಬಟ್ಟೆ ಏನೂ ಇಲ್ವಾ ನಿಮ್ಮನೇಲಿ? ಹೆಗಲ ಮೇಲೇ ಟವೆಲ್ ಇದೆಯಲ್ಲ!”

“ಒದ್ದೆ ಬಟ್ಟೆ ಕೂಡದು ಅಂತಿದೆ, ಟೈಲರಮ್ಮ. ಒಣಬಟ್ಟೆ ಆಗಬಹುದು ಅಂತ ಎಲ್ಲೂ ಹಾಕಿಲ್ಲ. ಹಾಕದ್ದನ್ನ ನಾನು ಹೇಗೆ ಓದ್ಲಿ?”

ಅಷ್ಟರಲ್ಲಿ ಮೇಲಿನ ಮನೆಯ ನಿವೃತ್ತ ವಿಜ್ಞಾನದ ಮೇಷ್ಟ್ರು ಬಂದರು. ಕೆಲಸ ಬಿಟ್ಟು ಆರು ವರ್ಷವಾದರೂ, ನಾಲ್ಕು ಜನ ಸೇರಿದಲ್ಲಿ ಅವರ ಕೈ ಸೀಮೆಸುಣ್ಣ ಹುಡುಕುತ್ತಿತ್ತು.

“ಪ್ರೆಸ್ಸಿನವ್ರು ಹೇಳೋದು ಸರಿ. ಊಹೆ ಮೇಲೆ ಪ್ರಯೋಗ ಮಾಡಬಾರದು. ನೋಡಮ್ಮಾ, ಗಾಜು ಬಿಸಿಗೆ ಒಡೆಯೋದಿಲ್ಲ, ತಣ್ಣಗಾದ್ರೂ ಒಡೆಯೋದಿಲ್ಲ. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ ಆಯ್ತೋ, ಒಂದು ಹಿಗ್ಗುತ್ತೆ, ಇನ್ನೊಂದು ಕುಗ್ಗುತ್ತೆ. ಒಳಗೊಳಗೇ ಜಗಳ ಹತ್ತಿ ಮನೆ ಒಡೀತದೆ. ಕೂಡುಕುಟುಂಬದ ಹಾಗೆ.”

“ಮೇಷ್ಟ್ರೇ, ಕೈ, ಸುಡ್ತಿದೆ.”

“ಅದು ಇನ್ನೊಂದು ಪಾಠ. ಉಷ್ಣವಹನ.”

ಈ ಗಳಿಗೆಯನ್ನೇ ಕಾದಿದ್ದಂತೆ ಅಲ್ಪವಿರಾಮನ ಪೈಜಾಮದ ಲಾಡಿ ಸಡಿಲಾಯಿತು. ಅವನು ಮೊಣಕಾಲುಗಳನ್ನು ಒತ್ತಿಹಿಡಿದು, ಗಾಳಿಗೆ ಸಿಕ್ಕ ಛತ್ರಿಯಂತೆ ಒಂದು ಕಡೆ ವಾಲಿದ.

“ಎಲಾಸ್ಟಿಕ್ ಹಾಕಿ ಹೊಲೀತೀನಿ ಅಂದೆ. ಕೇಳಿದ್ರಾ?” ಎಂದು ಟೈಲರಮ್ಮ ಗೋಡೆಯ ಕಡೆ ತಿರುಗಿದಳು. ಮೇಷ್ಟ್ರು ಹಿಂದಿನಿಂದ ಪೈಜಾಮವನ್ನು ಮುಷ್ಟಿಯಲ್ಲಿ ಹಿಡಿದು, “ನೀವು ಪಾತ್ರೆ ನೋಡ್ಕೊಳ್ಳಿ. ಮಾನ ನನ್ನ ಜವಾಬ್ದಾರಿ” ಎಂದರು.

ಮೆಟ್ಟಿಲ ಬಳಿ ಒಂದು ಮರದ ಬೆಂಚಿದೆಯೆಂದು ಟೈಲರಮ್ಮನಿಗೆ ನೆನಪಾಯಿತು. ಮರ ಕಲ್ಲಲ್ಲ, ಲೋಹವಲ್ಲ. ಮೆರವಣಿಗೆ ಹೊರಟಿತು. ಮುಂದೆ ದಾರಿ ಬಿಡಿಸುತ್ತಾ ಟೈಲರಮ್ಮ, ನಡುವೆ ದೇವರ ಮುಂದೆ ದೀಪ ಹಿಡಿದವನಂತೆ ಉಸಿರು ಬಿಗಿಹಿಡಿದ ಅಲ್ಪವಿರಾಮ, ಹಿಂದೆ ಪೈಜಾಮದ ಹಿಡಿ ಬಿಡದ ಮೇಷ್ಟ್ರು. ಬೆಂಚಿನ ಮೇಲೆ ಕಟ್ಟಡದ ಸೆಕ್ರೆಟರಿ ಕಾಲು ಚಾಚಿ ಕೂತಿದ್ದ.

“ಏನ್ರೀ ಇದು? ಮೆಟ್ಟಿಲ ಹತ್ರ ಸಾಮಾನು ಇಡೋ ಹಾಗಿಲ್ಲ. ನೋಟೀಸು ನೋಡಿ. ನೀವೇ ತಿದ್ದಿ ಕೊಟ್ಟಿದ್ದು.”

ಹೌದು, ಅವನೇ. ‘ಸಾಮಾನು’ ಎಂಬುದರ ಜೊತೆಗೆ ‘ಪಾತ್ರೆ, ಪಡಗ’ ಎಂದು ಸೇರಿಸಿದವನೂ ಅವನೇ.

“ಎರಡು ನಿಮಿಷ ಏಳಿ ಸಾರ್” ಎಂದಳು ಟೈಲರಮ್ಮ.

“ಎದ್ರೂ ಪ್ರಯೋಜನ ಇಲ್ಲ. ಕಿಟಕಿಯಿಂದ ಗಾಳಿ ಹೆಂಗೆ ಬೀಸ್ತಿದೆ ನೋಡಿ.”

“ಗಾಳಿ!” ಎಂದು ಮೇಷ್ಟ್ರು ಕಿರುಚಿದರು. “ಒಡ್ಡ...”

“ಕೂಡದು!” ಎಂದು ಟೈಲರಮ್ಮ ಮುಗಿಸಿದಳು. ಇಷ್ಟು ಹೊತ್ತಿಗೆ ಕಾರ್ಡು ಅವಳಿಗೆ ಬಾಯಿಪಾಠವಾಗಿತ್ತು. ಮೆರವಣಿಗೆ ಹಿಂದಕ್ಕೆ ತಿರುಗಿತು. ಕುತೂಹಲ ತಡೆಯದೆ ಸೆಕ್ರೆಟರಿಯೂ ಬಾಲಕ್ಕೆ ಸೇರಿಕೊಂಡ.

ಅಡುಗೆಮನೆಯಲ್ಲಿ ನಾಲ್ವರೂ ದುಂಡಗೆ ನಿಂತರು. ಒಬ್ಬರು ಒಂದು ಜಾಗ ಹೇಳುವುದು, ಉಳಿದವರು “ಕೂಡದು” ಎನ್ನುವುದು. ಕುರ್ಚಿ? ರೆಕ್ಸಿನ್ನು, ಕೂಡದು. ನೆಲ? ಕಲ್ಲು, ಕೂಡದು. ಫ್ರಿಜ್ಜು? ಹಾಗೆಂದ ಸೆಕ್ರೆಟರಿಯನ್ನೇ ಹೊರಗಿಡಬೇಕೆಂದು ಎಲ್ಲರಿಗೂ ಅನ್ನಿಸಿತು. ಅಲ್ಪವಿರಾಮನ ಮೂಗು ಬೇರೆ ತುರಿಸುತ್ತಿತ್ತು. ಅದನ್ನು ಹೇಳುವ ಧೈರ್ಯ ಅವನಿಗಿರಲಿಲ್ಲ.

ಆಗ ಮೇಷ್ಟ್ರ ಹಣೆ ಮಿಂಚಿತು. “ಪಾತ್ರೆಯಷ್ಟೇ ಬಿಸಿಯಿರೋ ಜಾಗಕ್ಕೆ ಪಾತ್ರೆ ಹೆದರಬೇಕಿಲ್ಲ. ಅಂಥ ಜಾಗ ಈ ಮನೇಲಿ ಒಂದೇ. ಎಲ್ಲಿಂದ ಬಂತೋ ಅಲ್ಲಿಗೇ ಕಳಿಸಿ!”

ಪಾತ್ರೆ ಓವನ್ನಿನೊಳಗೆ ಹೋಯಿತು. ಬಾಗಿಲು ಮುಚ್ಚಿತು. ಚಪ್ಪಾಳೆ ಬಿತ್ತು. ಅಲ್ಪವಿರಾಮ ಮೊದಲು ಮೂಗು ತುರಿಸಿಕೊಂಡ, ಆಮೇಲೆ ಲಾಡಿ ಕಟ್ಟಿಕೊಂಡ. ಸ್ವರ್ಗ ಎಂಬುದು ಈ ಕ್ರಮದಲ್ಲೇ ಬರುತ್ತದೆಂದು ಅವನಿಗೆ ಆ ದಿನ ತಿಳಿಯಿತು.

“ಹಸಿವು! ಬಡಿಸ್ತೀರೋ ಇಲ್ವೋ?” ಎನ್ನುತ್ತಾ ಬಾಗಿಲಲ್ಲಿ ಅತ್ತೆ. ಕಂಕುಳಲ್ಲಿ ಒಂದು ದೊಡ್ಡ ಡಬ್ಬ. ಹಿಂದೆ ಹೆಂಡತಿ. ಒಳಗೆ ಕಾಲಿಟ್ಟವಳೇ ಮೂಗು ಅರಳಿಸಿದಳು.

“ರೀ, ಓವನ್ ಇನ್ನೂ ಉರೀತಿದೆಯಲ್ರೀ! ಆರಿಸಿಲ್ವಾ?”

“ತೆಗೆಯೋದು ಅಷ್ಟೇ, ಬೇರೇನೂ ಮಾಡ್ಬೇಡಿ ಅಂತ, ನೀನೇ ಅಂದಿದ್ದೆ” ಎಂದ ಅಲ್ಪವಿರಾಮ.

ಹೆಂಡತಿ ಅವನನ್ನು ನೋಡಿದ ನೋಟದಲ್ಲಿ ಇನ್ನೊಂದು ಆಲೂಗಡ್ಡೆ ಬೇಯಬಹುದಿತ್ತು. ಓವನ್ ಆರಿಸಿ, “ಈಗ್ಲಾದ್ರೂ ತೆಗೀರಿ” ಎಂದಳು. ಅಲ್ಪವಿರಾಮ ಮತ್ತೆ ಗವಸು ತೊಟ್ಟ, ಮತ್ತೆ ಪಾತ್ರೆ ತೆಗೆದ, ಮತ್ತೆ ನೆಟ್ಟಗೆ ನಿಂತ. ಪಾತ್ರೆ ಮೊದಲಿನಷ್ಟೇ ಬಿಸಿ. ಜಾಗ ಮೊದಲಿನಷ್ಟೇ ಇಲ್ಲ.

“ಯಾಕೆ ಹಾಗೆ ನಿಂತ್ರಿ, ಅಳಿಯಂದ್ರೇ?” ಎಂದು ಅತ್ತೆ ಅವನ ಹೆಗಲ ಮೇಲಿದ್ದ ಟವೆಲನ್ನು ಎಳೆದರು, ನಾಲ್ಕು ಮಡಿಕೆ ಮಾಡಿ ಕಟ್ಟೆಯ ಮೇಲೆ ಹಾಸಿದರು. “ಇಡಿ ಇಲ್ಲಿ.”

ನಾಲ್ವರೂ ಕಣ್ಣು ಮುಚ್ಚಿದರು. ಏನೂ ಆಗಲಿಲ್ಲ. ಚೀಸು ಮಾತ್ರ ಪಿಸುಗುಟ್ಟಿತು.

“ಕಾರ್ಡಲ್ಲಿ ಇಲ್ಲ ಅತ್ತೆ ಅದು” ಎಂದ ಅಲ್ಪವಿರಾಮ, ನೊಂದ ದನಿಯಲ್ಲಿ.

“ಯಾಕಿಲ್ಲ? ಹನ್ನೆರಡನೇ ಸಾಲು!” ಅತ್ತೆ ತಾವು ತಂದ ಡಬ್ಬ ಬಿಚ್ಚಿದರು. ಒಳಗೆ ಇನ್ನೊಂದು ಗಾಜಿನ ಪಾತ್ರೆ, ದೊಡ್ಡದು. “ನಾಲ್ಕನೇದು ಹೋಗಿರುತ್ತೆ ಅಂತ ಐದನೇದು ತಂದೆ. ಬರ್ತಾ ದಾರೀಲಿ ಕಾರ್ಡು ಓದ್ಕೊಂಡೆ. ನೋಡಿ: ‘ಓವನ್ನಿನಿಂದ ತೆಗೆದ ಪಾತ್ರೆಯನ್ನು ಒಣಗಿದ ದಪ್ಪ ಬಟ್ಟೆಯ ಮಡಿಕೆಯ ಮೇಲೆ ಇಡಿ.’”

ಮೇಷ್ಟ್ರು ಎರಡು ಕಾರ್ಡುಗಳನ್ನೂ ಪಕ್ಕಪಕ್ಕ ಹಿಡಿದರು. ದೊಡ್ಡದರಲ್ಲಿ ಹನ್ನೆರಡು. ಸಣ್ಣದರಲ್ಲಿ ಹನ್ನೊಂದು.

ಪ್ರೆಸ್ಸಿನ ಹಳೆಯ ಕರಡೊಂದು ಅಲ್ಪವಿರಾಮನ ಕಣ್ಣಿಗೆ ಕಟ್ಟಿತು. ದೊಡ್ಡ ಪಾತ್ರೆಗೆ ದೊಡ್ಡ ಕಾರ್ಡು, ಸಣ್ಣದಕ್ಕೆ ಸಣ್ಣದು. ಸಣ್ಣದರಲ್ಲಿ ಒಂದು ಸಾಲು ಅಂಚು ದಾಟಿ ಇಣುಕುತ್ತಿತ್ತು. ಹನ್ನೊಂದು ಸಾಲು ‘ಕೂಡದು’ ಎಂದು ಹಾಡಿದ ಹಾಗೆ ಮುಗಿಯುವಾಗ, ಈ ಒಂದು ಮಾತ್ರ ‘ಇಡಿ’ ಎಂದು ಲಯ ಕೆಡಿಸುತ್ತಿತ್ತು. ಕೆಂಪು ಪೆನ್ನಿನಿಂದ ನೇರ ಒಂದು ಗೆರೆ. ಅಂಚಿನಲ್ಲಿ ‘ಅನಗತ್ಯ’. ಅದರ ಕೆಳಗೆ ಅವನದೇ ದುಂಡನೆಯ ಸಹಿ. ತಿಂಗಳಿಗೆ ನೂರು ಕಾರ್ಡು ತಿದ್ದುವವನಿಗೆ ಇದು ಇಷ್ಟು ತಡವಾಗಿ ನೆನಪಾಯಿತು.

“ಯಾವನೋ ದಡ್ಡ ಶಿಖಾಮಣಿ ಕಿತ್ತುಹಾಕಿದಾನೆ!” ಎಂದು ಅತ್ತೆ ಗುಡುಗಿದರು. ಅವನ ಕೆಂಪಾದ ಬೆರಳು ನೋಡಿ ದನಿ ಮೆತ್ತಗಾಯಿತು. “ಪಾಪ, ನಾನು ಕೊಟ್ಟಿದ್ದು ಅಂತ ಕೈ ಸುಟ್ಕೊಂಡ್ರೂ ಬಿಟ್ಟಿಲ್ವಲ್ಲ ನನ್ನಪ್ಪ. ಇಂಥ ಅಳಿಯನ್ನ ಇಷ್ಟು ವರ್ಷ ಬೈದೆ.”

ಮದುವೆಯಾದಾಗಿನಿಂದ ಕಾದ ಮಾತು. ಕೇಳಿ ಅವನಿಗೆ ಅಳು ಬರುವ ಹಾಗಾಯಿತು, ಕಾರಣ ಮಾತ್ರ ಬೇರೆ.

“ಅರೆ, ಇದು ನಿಮ್ಮ ಪ್ರೆಸ್ಸಲ್ವೇ!” ಎಂದರು ಮೇಷ್ಟ್ರು, ಕಾರ್ಡಿನ ಬುಡದ ಸಣ್ಣಕ್ಷರ ಓದಿ. “ಅವನ್ಯಾರು ಅಂತ ನಿಮಗೆ ಗೊತ್ತಿರಬೇಕು.”

“ಮುಖಪರಿಚಯ, ಇದೆ.” ಕನ್ನಡಿಯಲ್ಲಿ ದಿನಾ ಬೆಳಿಗ್ಗೆ ಕಾಣುವಷ್ಟು.

“ಎಂಥ ಮನುಷ್ಯ?”

“ಕೆಟ್ಟವನಲ್ಲ. ಸಂಸಾರಸ್ಥ.”

“ಸಂಸಾರಸ್ಥನಂತೆ! ಅಂಥವನಿಗೆ ಹೆಣ್ಣು ಕೊಟ್ಟ ಅತ್ತೆ ಯಾವಳೋ, ಪಾಪಿ!” ಎಂದರು ಅತ್ತೆ. “ಕಾಗದ ತಗೋಪ್ಪಾ. ನಿಮ್ಮ ಪ್ರೆಸ್ಸಿನ ಯಜಮಾನರಿಗೇ ಬರಿ. ನಿನ್ನ ಅಕ್ಷರ ಮುದ್ದಾಗಿರುತ್ತೆ. ನಾವೆಲ್ಲ ಸಹಿ ಹಾಕ್ತೀವಿ.”

ಊಟ ಆರುತ್ತಾ ಕೂತಿತು. ಅತ್ತೆ ಹೇಳಿದರು, ಮೇಷ್ಟ್ರು ವಿಜ್ಞಾನ ಸೇರಿಸಿದರು, ಸೆಕ್ರೆಟರಿ ಕಾನೂನು ಸೇರಿಸಿದ, ಟೈಲರಮ್ಮ ಪೈಜಾಮದ ವಿಷಯ ಸೇರಿಸಿದಳು. ಅಲ್ಪವಿರಾಮ ಒಂದಕ್ಷರ ತಪ್ಪಿಲ್ಲದೆ ಬರೆದ. ಹಾಳೆಯ ತಳ ಮುಟ್ಟುವ ಹೊತ್ತಿಗೆ ಅತ್ತೆ ಕೊನೆಯ ವಾಕ್ಯ ಹೇಳಿದರು: “ಹಳೆಯ ಕರಡು ತೆಗೆಸಿ, ಸಹಿ ಯಾರದೆಂದು ನೋಡಿ, ಆ ಮನುಷ್ಯನನ್ನು ಕೂಡಲೇ ಕೆಲಸದಿಂದ ತೆಗೆಯಬೇಕು.”

ಪೆನ್ನು ನಿಂತಿತು. ಅವನು ಹಾಳೆಯನ್ನು ನೋಡಿದ, ಅಂಚನ್ನು ನೋಡಿದ, ಎಲ್ಲರ ಮುಖ ನೋಡಿದ.

“ಅತ್ತೆ, ಕೊನೇ ಸಾಲು, ಇಲ್ಲಿ ಹಿಡಿಸ್ತಿಲ್ಲ. ಬಿಟ್ಟುಬಿಡಬಹುದಾ?”

“ಕೂಡದು!” ಎಂದರು ಐವರೂ ಒಟ್ಟಿಗೇ, ಪದ್ಯ ಓದಿದ ಹಾಗೆ.